ಅಕ್ಕೋರ ಎಡಗೈ, ನನ್ನ ಬಲಗೈ

ನನ್ನ ಪೇಟಿ ಆಕ್ಲೆಂಡಿಗೆ ಬಂದದ್ದು ಅತ್ತೆಯ ಇಳಕಲ್ ಸೀರೆಗಳನ್ನು ಮೈತುಂಬ ಸುತ್ತಿಕೊಂಡು. ಧಾರವಾಡದ ಕಡೆ ನಾವು ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತೇವೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಬ್ಬ ಹೆಣ್ಣುಮಗಳು ಕಟ್ಟಿಗೆಯೊಳಗೆ ಹುಳ ಇದ್ದೀತೆಂದು ಟಾರ್ಚ್ ಬಿಟ್ಟು ನೋಡಿ, ಇದೇನು ಎಂದು ಕೇಳಿದಳು. ನಾನಿನ್ನೂ ಇಂಗ್ಲಿಷ್ ಪದ ಹುಡುಕುತ್ತಿರುವಾಗಲೇ ಅತ್ತೆ ಹಿಂದಿನಿಂದ, "ಹೇಳೋದೇನದ? ಬಾರಿಸಿ ತೋರಸು" ಅಂದರು. ಅಲ್ಲೇ ಕೌಂಟರಿನ ಮೇಲಿಟ್ಟು, ಎಡಗೈಯಿಂದ ತಿದಿ ಒತ್ತುತ್ತ ಬಲಗೈಯಿಂದ ಭೂಪ ರಾಗದ ಒಂದು ತುಣುಕು ನುಡಿಸಿದೆ. ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಹುಳ ಇರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪವೇ ಆಗಿತ್ತು. ಗಂಡ ಆಗಲೇ ಬಂದು ಕೆಲಸಕ್ಕೆ ಸೇರಿದ್ದರು. ನಾನು, ಅತ್ತೆ, ಶಾಲೆಗೆ ಹೋಗುವ ಮಗಳು ಹಿಂದಿನಿಂದ ಬಂದವರು.

ಪೇಟಿ ನುಡಿಸುವವರಿಗೆ ಇರುವುದು ಒಂದೇ ಕೈ ಎಂದು ತಿಳಿಯಬೇಕು. ಸ್ವರಗಳೆಲ್ಲ ಬಲಗೈಯದು. ಎಡಗೈ ಗಾಳಿ ಹಾಕುವ ಆಳು. ಸಣ್ಣಂದಿನಿಂದ ನನ್ನ ಎಡಗೈ ಬೇರೆ ಕೆಲಸ ಕಲಿಯಲೇ ಇಲ್ಲ. ಹಾಡುವವರು ಉಸಿರು ತೆಗೆದುಕೊಂಡರೆ ಅದೂ ತಿದಿ ತೆರೆಯಬೇಕು, ಅವರು ಸ್ವರ ಹಿಡಿದರೆ ಅದೂ ನಿಧಾನವಾಗಿ ಮುಚ್ಚಬೇಕು. ಈ ಎಡಗೈಯಿಂದಾಗಿಯೇ ಮುಂದಿನದೆಲ್ಲ ನಡೆಯಿತು.

ನಾವು ಬಾಡಿಗೆಗೆ ಹಿಡಿದ ಮನೆ ಒನೆಹುಂಗಾ ಬಡಾವಣೆಯ ಅಂಗಡಿ ಬೀದಿಯ ಹಿಂದಿನ ಓಣಿಯಲ್ಲಿತ್ತು. ಹಲಗೆಯ ಮನೆ. ಬಾಜೂ ಮನೆಯ ಗೋಡೆಯೂ ಹಲಗೆಯದೇ ಆದ್ದರಿಂದ ಅಲ್ಲಿ ನುಡಿಸುವ ಪಿಯಾನೋ ನಮ್ಮ ಅಡುಗೆಮನೆಗೆ ನೆಟ್ಟಗೆ ಬರುತ್ತಿತ್ತು. ನುಡಿಸುವವರು ಎಪ್ಪತ್ತು ದಾಟಿದ ಹೆಂಗಸು, ಒಂಟಿ. ಊರಿನ ಅರ್ಧ ಮಕ್ಕಳಿಗೆ ಪಿಯಾನೋ ಕಲಿಸಿದವರು, ಮೂಲೆಯ ಸಣ್ಣ ಚರ್ಚಿನಲ್ಲಿ ಹಾಡುವ ತಂಡವಾದ ಕಾಯರಿಗೆ ಆರ್ಗನ್ ನುಡಿಸುವವರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ. ಅತ್ತೆ ಮೊದಲ ದಿನವೇ ಆಕೆಗೆ ಪಿಯಾನೋ ಅಕ್ಕೋರು ಎಂದು ಹೆಸರಿಟ್ಟರು. ಅಕ್ಕೋರು ಅಂದರೇನೆಂದು ಮಗಳು ಇಂಗ್ಲಿಷಿನಲ್ಲಿ ಹೇಳಿಕೊಟ್ಟ ಮೇಲೆ ಆಕೆಗೂ ಅದೇ ಹಿಡಿಸಿ, ನಮ್ಮ ಮನೆಗೆ ಫೋನ್ ಮಾಡಿದಾಗಲೂ "ಅಕ್ಕೋರು ಮಾತಾಡೋದು" ಎನ್ನುವಂತಾಯಿತು.

ನನಗೂ ಅವರಿಗೂ ಸ್ನೇಹ ಬೆಳೆದದ್ದು ಜಗಳದಿಂದ. ಅವರ ಪಿಯಾನೋ ಮೇಲಿನ ಗೋಡೆಗೆ ಸಾಲಾಗಿ ಚಿತ್ರಗಳಿದ್ದವು, ಎಲ್ಲ ಎಂದೋ ಕಾಲವಾದ ಸಂಗೀತಗಾರರು, ಬಹುತೇಕ ಎಲ್ಲರ ತಲೆಯ ಮೇಲೂ ಬಿಳಿ ಟೋಪನ್. ಒಬ್ಬೊಬ್ಬರ ಕಥೆಯನ್ನೂ ಅಕ್ಕೋರು ಹೇಳುವರು, ನಾನು ಕನ್ನಡಕ್ಕೆ ತಿರುಗಿಸುವೆ, ಅತ್ತೆ ತೀರ್ಪು ಕೊಡುವರು. ಅವರ ನಿಜವಾದ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಆ ಹೆಸರುಗಳು ನಡೆಯಲೇ ಇಲ್ಲ. ಚರ್ಚಿನಲ್ಲಿ ವಾರ ವಾರ ಹೊಸ ಹಾಡು ಬರೆದು, ಮನೆಯಲ್ಲಿ ಮಕ್ಕಳ ಸಂತೆಯನ್ನೇ ನಡೆಸಿದವರು ಇಪ್ಪತ್ತು ಮಕ್ಕಳ ಯಜಮಾನರು. ಅನಾಥ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸಿದವನು ಕೆಂಪುಗೂದಲ ಪೂಜಾರಿ. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಭರ್ಜರಿ ಊಟದ ಮನುಷ್ಯ ಲಂಡನ್ ಮಾವ. ಅತ್ತೆಗೆ ಅವನೇ ಇಷ್ಟ. "ಪರದೇಶಕ್ಕ ಹೋದ್ರೂ ಉಣ್ಣೂದ್ರಾಗ ಕಡಿಮಿ ಮಾಡಿಕೊಂಡಿಲ್ಲ ನೋಡು" ಎಂದು ಹೊಗಳುವರು.

ಈ ಮೂವರೂ ಸುಮಾರು ಮುನ್ನೂರು ವರ್ಷ ಹಿಂದಿನ ಬರೋಕ್ ಕಾಲದವರು. ಅವರ ನಂತರ ಬಂದವರನ್ನು ಅಕ್ಕೋರು ಕ್ಲಾಸಿಕಲ್ ಎಂದು ಬೇರೆ ಸಾಲಿನಲ್ಲಿ ತೂಗು ಹಾಕಿದ್ದರು. ಅರಮನೆಯ ನೌಕರಿಯಲ್ಲಿದ್ದು ಸಂಗೀತದಲ್ಲೇ ಚೇಷ್ಟೆ ಮಾಡಿದವನು ಅರಮನೆ ಕಾಕಾ. ಮೂವತ್ತೈದು ದಾಟಿದ ಮೇಲೆ ಬಹಳ ದಿನ ಬದುಕದವನು ಸಣ್ಣವ. ಅವನ ಹೆಸರು ಬಂದಾಗಲೆಲ್ಲ ಅತ್ತೆ "ಪಾಪ" ಸೇರಿಸದೆ ಬಿಡುತ್ತಿರಲಿಲ್ಲ.

ಜಗಳ ಇದ್ದದ್ದು ಯಾವ ಸಾಲು ದೊಡ್ಡದು ಎಂಬುದಕ್ಕೆ. ಬರೋಕ್ ಸಂಗೀತ ಕೇಳಿದ ಕೂಡಲೇ ನನಗೆ ಒಗ್ಗಿತು. ಒಂದು ಭಾವ ಹಿಡಿದರೆ ಕೊನೆಯವರೆಗೂ ಅದನ್ನೇ ಹಿಡಿದು ನಡೆಯುತ್ತದೆ, ನಾವು ಒಂದು ರಾಗ ಹಿಡಿದು ಕೂತಹಾಗೆ. ಕೆಳಗೆ ದಪ್ಪ ಸ್ವರಗಳು ನಿಲ್ಲದೆ ಹೆಜ್ಜೆ ಹಾಕುತ್ತಿರುತ್ತವೆ. ಹಾಡಿನ ಮೊದಲ ಭಾಗ ಕೊನೆಯಲ್ಲಿ ಮತ್ತೆ ಬರುತ್ತದೆ, ಬಂದಾಗ ಹಾಡುವವರು ಅದಕ್ಕೆ ತಮ್ಮ ಕೈಯಿಂದ ಒಡವೆ ತೊಡಿಸಬೇಕು, ಮೊದಲಿನಂತೆಯೇ ಹಾಡಿದರೆ ಶೋಭೆಯಿಲ್ಲ. ಇದೆಲ್ಲ ನಮ್ಮದೇ ಪದ್ಧತಿ ಎಂದು ನಾನು ಗಂಟಲು ಬಿಟ್ಟು ವಾದಿಸಿದೆ. ಆದರೆ ಸಣ್ಣವ, ಕಾಕಾ ಇವರ ಸಂಗೀತ ನನಗೆ ನೀಟಾಗಿ ಗುಡಿಸಿಟ್ಟ ಪಡಸಾಲೆ. ಒಬ್ಬ ಪ್ರಶ್ನೆ ಕೇಳುತ್ತಾನೆ, ಇನ್ನೊಬ್ಬ ಉತ್ತರ ಕೊಡುತ್ತಾನೆ, ನಡುವೆ ಸ್ವಲ್ಪ ಮೌನ. ಒಂದು ಸ್ವರವನ್ನೂ ನುಡಿಸುವವರ ಇಷ್ಟಕ್ಕೆ ಬಿಟ್ಟಿಲ್ಲ, ಎಲ್ಲ ಬರೆದೇ ಇಟ್ಟಿದ್ದಾರೆ. "ನನಗೆ ಮಾಡೋಕೆ ಏನು ಉಳಿಸಿದ್ದಾರೆ ಇವರು?" ಎಂದು ಕೇಳಿದೆ. ಅಕ್ಕೋರು ಕನ್ನಡಕ ತೆಗೆದು ಒರೆಸುತ್ತ, "ಸುಮ್ಮನಿರೋದನ್ನು ಉಳಿಸಿದ್ದಾರೆ. ನಿನಗೆ ಅದು ಕಷ್ಟ" ಎಂದರು. ಅದು ನಿಜ. ಆದರೂ ನನಗೆ ಸಿಟ್ಟು ಬಂತು, ಚಹಾ ಅರ್ಧಕ್ಕೆ ಬಿಟ್ಟು ಬಂದೆ. ಮರುದಿನ ಮತ್ತೆ ಹೋದೆ.

ಅಕ್ಕೋರ ಹಿತ್ತಲಲ್ಲಿ ಫಿಜೋವಾ ಗಿಡವಿತ್ತು. ಇಲ್ಲಿಯವರ ಹಿತ್ತಲಿನಲ್ಲೆಲ್ಲ ಬಿಡುವ ಹಸಿರು ಹಣ್ಣು, ಮಾಗಿದರೆ ತಾನೇ ನೆಲಕ್ಕೆ ಉದುರುತ್ತದೆ. ಅತ್ತೆ ಅದರದೊಂದು ಗೊಜ್ಜು ಕಂಡುಹಿಡಿದಿದ್ದರು, ಬೆಲ್ಲ ಹಸಿಮೆಣಸಿನಕಾಯಿ ಹಾಕಿ. ಅಕ್ಕೋರು ಅದನ್ನು ಟೋಸ್ಟಿಗೆ ಹಚ್ಚಿಕೊಂಡು ತಿನ್ನುವರು. ಹಣ್ಣಿನ ಕಾಲ ಮುಗಿಯುತ್ತ ಬಂದ ಒಂದು ಬೆಳಗ್ಗೆ ಅಕ್ಕೋರು ಗೊಜ್ಜಿಗೆಂದು ಹಣ್ಣು ಆರಿಸಲು ಹೋಗಿ, ಅದೇ ಹಣ್ಣಿನ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಬೆರಳ ಬುಡದಿಂದ ಮೊಣಕೈಯವರೆಗೆ ಪ್ಲಾಸ್ಟರ್.

ಚಳಿಗಾಲದಲ್ಲಿ ಚರ್ಚಿನ ಕಾಯರಿನ ಸಂಗೀತ ಕಛೇರಿ ಇತ್ತು. ಕಾಯರ್ ನಡೆಸುವವರು ಎತ್ತರದ ಬಿಗಿ ಮನುಷ್ಯ, ಆದರೆ ಕೆಟ್ಟವರಲ್ಲ. ಹೂವಿನ ಗುಚ್ಛ ಹಿಡಿದು ಅಕ್ಕೋರನ್ನು ನೋಡಲು ಬಂದಾಗ ಅತ್ತೆ ಮತ್ತು ನಾನು ಅಲ್ಲೇ ಸೊಪ್ಪಿನ ಹುಳಿ ಬಿಸಿ ಮಾಡುತ್ತಿದ್ದೆವು. "ಈ ಸಲ ವಿಶ್ರಾಂತಿ ತಗೊಳ್ಳಿ" ಎಂದು ಅವರು ಮೆತ್ತಗೆ ಹೇಳಿದರು. ಯಾರೋ ಒಬ್ಬರು ಎಲೆಕ್ಟ್ರಿಕ್ ಕೀಬೋರ್ಡ್ ತರುತ್ತಾರಂತೆ, ಸದ್ಯಕ್ಕೆ ಅದೇ ಸಾಕಂತೆ. ಅಕ್ಕೋರು ನಗುನಗುತ್ತ ಅವರನ್ನು ಬಾಗಿಲತನಕ ಕಳಿಸಿ ಬಂದು, ಪಿಯಾನೋದ ಮುಚ್ಚಳವನ್ನು ಎಡಗೈಯಿಂದ ಇಳಿಸಿದರು.

"ಒಮ್ಮೆ ಚರ್ಚಿನ ಆ ಬೆಂಚಿನಿಂದ ಇಳಿದರೆ ಮತ್ತೆ ನನ್ನನ್ನು ಕೂರಿಸುವುದಿಲ್ಲ. ನನ್ನ ವಯಸ್ಸಿನವರಿಗೆ ವಿಶ್ರಾಂತಿ ಅಂದರೆ ಅದೇ" ಎಂದರು.

ಅವರು ಅಳಲಿಲ್ಲ. ಅತ್ತರೆ ನನಗೆ ಹಗುರಾಗುತ್ತಿತ್ತು. ಜೀವನವಿಡೀ ಕೂತ ಜಾಗ ಅದು, ಅವರ ಗಂಡ ತೀರಿಕೊಂಡ ಮೇಲಂತೂ ಅದೇ ಮನೆ.

"ಏನಂದ್ಲು ಆಕಿ?" ಎಂದು ಅತ್ತೆ ಕೇಳಿದರು. ಹೇಳಿದೆ. ಅತ್ತೆ ಹುಳಿಯ ಸೌಟು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. "ಆಕಿಗೆ ಎಡಗೈ ಅದ, ನಿನಗ ಬಲಗೈ ಅದ. ಇಬ್ಬರೂ ಕೂಡಿ ಬಾರಸ್ರಿ."

"ಹಂಗೆಲ್ಲ ಆಗೂದಿಲ್ಲ ಅತ್ತಿ. ಅದು ಬ್ಯಾರೆ ಸಂಗೀತ."

"ಯಾಕಾಗೂದಿಲ್ಲ? ನಮ್ಮ ಗೊಜ್ಜಿನ ಸಲುವಾಗಿ ಬಿದ್ದಾಳ. ಸಂಗೀತ ಬ್ಯಾರೆ ಅಂತ ಕೈ ಕಟಗೊಂಡ ಕೂಡ್ತೀಯೇನು?"

ನಾನು ಅಳುಕುತ್ತಲೇ ಅದನ್ನು ಅಕ್ಕೋರಿಗೆ ತಿರುಗಿಸಿ ಹೇಳಿದೆ, ನಗುತ್ತಾರೆಂದುಕೊಂಡು. ಅವರು ನಗಲಿಲ್ಲ. ಎದ್ದು ಹೋಗಿ ಕಛೇರಿಯ ಹಾಳೆಗಳನ್ನು ತಂದು ನನ್ನ ಮುಂದೆ ಹರಡಿದರು. ಲಂಡನ್ ಮಾವನ ಒಂದು ಹಾಡು. ಆರ್ಗನ್ ನುಡಿಸುವವರಿಗೆ ಅದರಲ್ಲಿ ಇದ್ದದ್ದು ಎಡಗೈಯ ದಪ್ಪ ಸ್ವರಗಳು ಮಾತ್ರ. ಅವುಗಳ ಕೆಳಗೆ ಅಲ್ಲಲ್ಲಿ ಆರು, ಏಳು, ನಾಲ್ಕು ಎಂದು ಅಂಕಿಗಳು.

"ಬಲಗೈಯದು ಎಲ್ಲಿ?" ಎಂದು ಕೇಳಿದೆ.

"ಬರೆದಿಲ್ಲ. ಆ ಕಾಲದವರು ಬರೆಯುತ್ತಿರಲಿಲ್ಲ. ಈ ಸ್ವರದಿಂದ ಎಣಿಸಿಕೊಂಡು ಹೋದರೆ ಆರನೆಯದು, ಏಳನೆಯದು ಯಾವುದೋ ಅದನ್ನು ಸೇರಿಸು ಅಂತ ಸೂಚನೆ ಕೊಟ್ಟು ಬಿಡುತ್ತಿದ್ದರು. ಉಳಿದದ್ದು ನುಡಿಸುವವರ ಬುದ್ಧಿಗೆ" ಎಂದು ಹೇಳಿ ನನ್ನ ಮುಖ ನೋಡಿದರು. "ನಿನಗೆ ಮಾಡೋಕೆ ಏನಾದರೂ ಉಳಿಸಿರಬೇಕು ಅಂತಿದ್ದೆಯಲ್ಲ."

ಆ ಮಾತಿಗೆ ನಾನು ಸಿಕ್ಕಿಬಿದ್ದೆ.

ಸಂಜೆ ಸಂಜೆ ಅವರ ಪಿಯಾನೋ ಮುಂದೆ ಅಭ್ಯಾಸ ನಡೆಯಿತು. ಎಡಬದಿಗೆ ಅವರು, ಬಲಬದಿಗೆ ನಾನು, ಅವರ ಪ್ಲಾಸ್ಟರ್ ಕೈ ಅವರ ಮಡಿಲಲ್ಲಿ. ಮೂರು ಸ್ವರ ಒಟ್ಟಿಗೆ ಒತ್ತುವುದು ನನಗೆ ಪಾಪ ಮಾಡಿದಂತೆ ಅನಿಸುತ್ತಿತ್ತು. ಧಾರವಾಡದಲ್ಲಿ ಹಾಗೆ ಒತ್ತಿದ್ದರೆ ನಮ್ಮ ಗುರುಗಳು ಪೇಟಿಯನ್ನೇ ಕಸಿದುಕೊಳ್ಳುತ್ತಿದ್ದರು. ಅಂಕಿಗಳ ಮೇಲೆ ಪೆನ್ಸಿಲಿನಿಂದ ಸರಿಗಮ ಬರೆದುಕೊಂಡೆ. ಅಕ್ಕೋರು ಆ ಕನ್ನಡ ಅಕ್ಷರಗಳನ್ನು ನೋಡಿ, ಎಲ್ಲಕ್ಕೂ ತಲೆಯ ಮೇಲೆ ಒಂದೊಂದು ಟೋಪನ್ ಇದೆಯಲ್ಲ ಎಂದು ತಮಾಷೆ ಮಾಡಿದರು. ತಲೆಕಟ್ಟು ಎಂದು ತಿದ್ದಿದೆ.

ದೊಡ್ಡ ತೊಂದರೆ ಎಡಗೈಯದು. ಬಲಗೈ ನುಡಿಸಲು ಶುರು ಮಾಡಿತೆಂದರೆ ಎಡಗೈ ತಿದಿ ಹುಡುಕುತ್ತದೆ. ತಿದಿ ಇಲ್ಲ. ಇದ್ದದ್ದು ಅಕ್ಕೋರ ಬೆನ್ನು. ನನಗೆ ಗೊತ್ತಿಲ್ಲದೆಯೇ ನಾನು ಅದನ್ನು ಒತ್ತುತ್ತಿದ್ದೆ, ಬಿಡುತ್ತಿದ್ದೆ. "ನನಗೆ ಗಾಳಿ ತುಂಬಿಸುತ್ತಿದ್ದೀಯಾ?" ಎಂದು ಅಕ್ಕೋರು ಕೇಳಿದಾಗಲೇ ತಿಳಿದದ್ದು. ನಾಚಿಕೆಯಾಗಿ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಆಗ ಬಲಗೈಯೂ ನಿಂತುಹೋಯಿತು. ಮಗಳು ಸೋಫಾ ಮೇಲೆ ಬಿದ್ದು ನಕ್ಕು, "ಮಮ್ಮಿ, ಯು ನೀಡ್ ಅ ಪಂಪ್" ಎಂದಳು. ಕೊನೆಗೆ ಅಕ್ಕೋರೇ, "ಇರಲಿ ಬಿಡು, ಚಳಿಗಾಲ, ಬೆಚ್ಚಗಿರುತ್ತದೆ" ಎಂದು ಒಪ್ಪಿಕೊಂಡರು.

ಚರ್ಚಿನಲ್ಲಿ ಮೊದಲ ತಾಲೀಮಿನ ದಿನ ಎರಡನೆಯ ತೊಂದರೆ ಎದ್ದಿತು. ಒಬ್ಬರ ಕೆಲಸಕ್ಕೆ ಇಬ್ಬರು ಬಂದು ಬೆಂಚಿನ ಮೇಲೆ ಕೂತದ್ದನ್ನು ನೋಡಿ ಕಾಯರ್ ಯಜಮಾನರ ಹುಬ್ಬು ಮೇಲೇರಿತ್ತು. ಒಂದು ತಾಲೀಮು ನೋಡೋಣ, ಆಗದಿದ್ದರೆ ಕೀಬೋರ್ಡೇ ಗಟ್ಟಿ ಎಂದರು. ಲಂಡನ್ ಮಾವನ ಹಾಡು ಹಾಡುವವಳು ಟೋಂಗಾ ದ್ವೀಪದಿಂದ ಬಂದ ಒಬ್ಬ ನರ್ಸ್, ತುಂಬು ದನಿಯವಳು. ಆಕೆ ಹಾಡಲು ಶುರು ಮಾಡಿದಳು, ನಾನು ಸಾಥ್ ಕೊಡಲು ಶುರು ಮಾಡಿದೆ. ನಾವು ಪೇಟಿಯವರು ಹಾಡುವವರ ಸ್ವರವನ್ನೇ ಹಿಡಿದು, ಕೂದಲೆಳೆಯಷ್ಟು ಹಿಂದೆ ಅವರ ಬೆನ್ನಿಗೇ ಹೋಗುತ್ತೇವೆ. ಅದೇ ಮರ್ಯಾದೆ. ಅಕ್ಕೋರು ಹೇಳಿಕೊಟ್ಟ ಅಂಕಿಗಳೆಲ್ಲ ನನ್ನ ತಲೆಯಿಂದ ಹಾರಿಹೋದವು. ಆಕೆ ಮೇಲೆ ಹೋದರೆ ನಾನು ಮೇಲೆ, ಆಕೆ ಇಳಿದರೆ ನಾನೂ ಇಳಿದೆ. ನಾಲ್ಕು ಸಾಲು ಹಾಡಿ ಆಕೆ ನಿಲ್ಲಿಸಿ ಹಿಂದೆ ತಿರುಗಿದಳು.

"ಯಾರೋ ನನ್ನ ಹಿಂದೆ ಹಿಂದೆ ಬರುತ್ತಿದ್ದಾರೆ" ಎಂದಳು.

ಯಜಮಾನರು ಬೆತ್ತದಂಥ ಕೋಲನ್ನು ಕೆಳಗಿಟ್ಟು, "ಆಕೆಯ ಹಾಡನ್ನು ಆಕೆಗೇ ಬಿಡಿ" ಎಂದರು.

ನಮ್ಮೂರಲ್ಲಾದರೆ ಹಾಡುವವರನ್ನು ಹೀಗೆ ಒಂಟಿಯಾಗಿ ಬಿಟ್ಟರೆ ಸಾಥಿಯವರಿಗೆ ಸೊಕ್ಕು ಅನ್ನುತ್ತಾರೆ. ಎದ್ದು ಹೋಗಿಬಿಡೋಣ ಅನಿಸಿತು. ಅಕ್ಕೋರು ನನ್ನ ಕಡೆ ನೋಡದೆ, ಎಡಗೈಯಿಂದ ಮೊದಲ ದಪ್ಪ ಸ್ವರವನ್ನು ಒತ್ತಿ ಹಿಡಿದು, "ಅವಳನ್ನು ಬಿಡು. ನನ್ನ ಹಿಂದೆ ಬಾ" ಎಂದು ಪಿಸುಗುಟ್ಟಿದರು. ನಾನು ಹಾಡುವವಳಿಂದ ಕಿವಿ ಕಿತ್ತು ಅವರ ಎಡಗೈಗೆ ಕೊಟ್ಟೆ. ಆಗ ಎಲ್ಲ ತಿಳಿಯಿತು. ಇಲ್ಲಿ ಸಾಥ್ ಕೊಡಬೇಕಾದದ್ದು ಕೆಳಗಿನ ನಡಿಗೆಗೆ. ಅಕ್ಕೋರು ಹೆಜ್ಜೆ ಇಡುತ್ತಾರೆ, ನಾನು ಅದರ ಮೇಲೆ ಗೋಡೆ ಕಟ್ಟುತ್ತೇನೆ, ಹಾಡುವವಳು ಒಳಗೆ ಓಡಾಡುತ್ತಾಳೆ. ಹಾಡು ಮುಗಿದಾಗ ಯಜಮಾನರು ಹುಬ್ಬು ಇಳಿಸಿ, ಮುಂದಿನ ವಾರ ಬನ್ನಿ ಎಂದಷ್ಟೇ ಹೇಳಿದರು. ಅಕ್ಕೋರು ಮನೆಗೆ ಬರುವ ದಾರಿಯಲ್ಲಿ ಮೂಲೆಯ ಡೇರಿ ಅಂಗಡಿಗೆ ನುಗ್ಗಿ ನಮ್ಮಿಬ್ಬರಿಗೂ ಐಸ್‌ಕ್ರೀಂ ಕೊಡಿಸಿದರು. ಅಂಥ ಚಳಿಯಲ್ಲಿ ನಡುಗುತ್ತ ತಿಂದೆವು.

ಕಛೇರಿ ಇದ್ದದ್ದು ಒಂದು ಭಾನುವಾರ ಮಧ್ಯಾಹ್ನ. ಹೊರಗೆ ಗಾಳಿ, ಒಳಗೆ ಕಂಬಕ್ಕೊಂದು ಹೀಟರ್. ಅತ್ತೆ ಹಸಿರು ಇಳಕಲ್ ಸೀರೆಯ ಮೇಲೆ ಉಬ್ಬಿದ ಜಾಕೆಟ್ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಮಗಳು, ಗಂಡ. ಕೀಬೋರ್ಡನ್ನೂ ಕಾಯರ್ ಯಜಮಾನರು ತರಿಸಿ ಮೂಲೆಯಲ್ಲಿ ಇಡಿಸಿದ್ದರು, ಬಟ್ಟೆ ಮುಚ್ಚಿ. ಬೇಕಾದೀತು ಎಂದು. ಬೆಂಚಿಗೆ ಏರುವಾಗ ಅಕ್ಕೋರ ಕಣ್ಣು ಆ ಬಟ್ಟೆಯ ಮೇಲೆ ಹೋದದ್ದನ್ನು ನೋಡಿದೆ.

ಲಂಡನ್ ಮಾವನ ಹಾಡೇ ಮೊದಲು. ಯಜಮಾನರು ಕೈ ಎತ್ತಿದರು. ಅಕ್ಕೋರ ಎಡಗೈ ಕೀಲಿಗಳ ಮೇಲೆ ಇತ್ತು, ಕಣ್ಣು ಮಾತ್ರ ಮೂಲೆಯ ಆ ಬಟ್ಟೆಯ ಮೇಲೆಯೇ. ಇಷ್ಟು ವರ್ಷ ನುಡಿಸಿದ ಕೈ. ಯಜಮಾನರು ಕೈ ಇಳಿಸಿ, ನಮ್ಮ ಕಡೆ ನೋಡಿ, ಮತ್ತೆ ಎತ್ತಿದರು. ಅಕ್ಕೋರು ಶುರು ಮಾಡಲಿಲ್ಲ. ನರ್ಸ್ ನಿಂತಲ್ಲೇ ಕಾಯುತ್ತಿದ್ದಳು. ನುಡಿಸಬೇಕಾದ ದಪ್ಪ ಸ್ವರ ನನ್ನದಲ್ಲ, ನಾನು ಒಬ್ಬಳೇ ಹೊರಡುವಂತಿಲ್ಲ. ಏನು ಮಾಡಬೇಕೆಂದು ತಲೆ ಹುಡುಕುವಷ್ಟರಲ್ಲಿ ನನ್ನ ಎಡಗೈ ತನ್ನ ಪಾಡಿಗೆ ತಾನು ಕೆಲಸ ಶುರು ಮಾಡಿಬಿಟ್ಟಿತ್ತು. ಅಕ್ಕೋರ ಬೆನ್ನ ಮೇಲೆ ಮೆಲ್ಲಗೆ ಒತ್ತಿತು, ಬಿಟ್ಟಿತು. ಮತ್ತೆ ಒತ್ತಿತು. ಮನೆಯಲ್ಲಿ ದಿನಾ ಸಂಜೆ ನಾವು ನುಡಿಸುತ್ತಿದ್ದ ಅದೇ ನಡೆ. ಅಂಗೈ ಕೆಳಗೆ ಅವರ ಉಸಿರು ಒಂದು ಸಲ ತಡವರಿಸಿ, ಆಮೇಲೆ ಒತ್ತುಬಿಡುವಿಗೆ ಹೊಂದಿಕೊಂಡದ್ದು ನನಗೆ ತಿಳಿಯಿತು. ಇನ್ನೊಂದು ಉಸಿರು. ಎಡಗೈ ಹೊರಟಿತು.

ಹೊರಟ ಮೇಲೆ ಅವರನ್ನು ಹಿಡಿಯುವವರು ಯಾರು? ಎಪ್ಪತ್ತು ದಾಟಿದ ಹೆಂಗಸು ಅಂಗಳದಲ್ಲಿ ಕುಂಟಲಿಪಿ ಆಡುವ ಹುಡುಗಿಯ ಹಾಗೆ ಆ ಸ್ವರಗಳ ಮೇಲೆ ಹಾರಿಕೊಂಡು ಹೋದರು. ಮೊದಲ ಭಾಗ ಮರಳಿ ಬಂದಾಗ ನರ್ಸ್ ತನ್ನ ಒಡವೆಗಳನ್ನೆಲ್ಲ ತೊಡಿಸಿ ಹಾಡಿದಳು. ಆಕೆ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ನಾನು ಬಲಗೈಯಿಂದ ಒಂದು ಸಣ್ಣ ಮುರ್ಕಿ, ಸ್ವರಗಳ ಪುಟ್ಟ ಸುರುಳಿ, ಸುತ್ತಿ ಬಿಟ್ಟೆ, ಧಾರವಾಡದ್ದೇ. ಆಕೆ ತಿರುಗಿ ನೋಡದೆಯೇ ಅದನ್ನು ಎತ್ತಿಕೊಂಡು ತನ್ನ ಮುಂದಿನ ಸಾಲಿಗೆ ಸೇರಿಸಿಕೊಂಡಳು. ಅಷ್ಟು ಸಂತೋಷ ನನಗೆ ಈ ದೇಶಕ್ಕೆ ಬಂದ ಮೇಲೆ ಆಗಿರಲಿಲ್ಲ.

ಎರಡನೆಯ ಅರ್ಧದಲ್ಲಿ ಅರಮನೆ ಕಾಕಾನ ಪಾಳಿ. ಎಲ್ಲ ಬರೆದದ್ದು, ಎಲ್ಲ ಬಾಯಿಪಾಠ ಮಾಡಿದ್ದೆ, ಒಂದು ಸ್ವರವನ್ನೂ ನನ್ನ ಇಷ್ಟಕ್ಕೆ ತಿರುಚಲಿಲ್ಲ. ಅದರ ನಡುವೆ ಎಲ್ಲರೂ ಒಮ್ಮೆಲೇ ಸುಮ್ಮನಾಗುವ ಒಂದು ಜಾಗ ಬರುತ್ತದೆ. ಸುಮ್ಮನಾದೆವು. ಆ ಮೌನದಲ್ಲಿ ಹಾಡು ಮುಗಿಯಿತೆಂದುಕೊಂಡ ಅತ್ತೆ, ಕಂಬಗಳಿಗೂ ಕೇಳುವಂತೆ, "ಭಲೇ! ವಾಹ್ ವಾಹ್!" ಅಂದರು. ಮಗಳು ತನ್ನ ಮುಖವನ್ನು ಜಾಕೆಟ್ಟಿನೊಳಗೆ ಎಳೆದುಕೊಂಡಳು. ಯಜಮಾನರ ಹೆಗಲುಗಳು ಕುಲುಕಿದವು. ನಾನು ನಗು ಬಿಗಿಹಿಡಿದು ಎಣಿಕೆ ತಪ್ಪದೆ ಕಾದು ಕೂತೆ. ಮತ್ತೆ ಎಲ್ಲರೂ ಒಂದೇ ಬಾರಿಗೆ ಎತ್ತಿಕೊಂಡಾಗ ಇಡೀ ಚರ್ಚು ನಗುತ್ತಿತ್ತು. ಕಾಕಾನಿಗೆ ಇದು ಗೊತ್ತಾಗಿದ್ದರೆ ಅತ್ತೆಗೂ ಅರಮನೆಯಲ್ಲಿ ನೌಕರಿ ಕೊಡಿಸುತ್ತಿದ್ದ ಎಂದು ಆಮೇಲೆ ಅಕ್ಕೋರು ಹೇಳಿದರು. ಸುಮ್ಮನಿರುವುದರಲ್ಲಿ ಎಂಥ ಮಜಾ ಇದೆ ಎಂದು ನನಗೆ ಅವತ್ತೇ ತಿಳಿದದ್ದು, ಆದರೆ ಅಕ್ಕೋರ ಎದುರು ಒಪ್ಪಿಕೊಳ್ಳಲಿಲ್ಲ.

ಬಟ್ಟೆ ಮುಚ್ಚಿದ ಕೀಬೋರ್ಡು ಹಾಗೆಯೇ ಮರಳಿ ಹೋಯಿತು.

ಚಳಿಗಾಲ ಇಳಿಯುವ ಹೊತ್ತಿಗೆ ಪ್ಲಾಸ್ಟರ್ ತೆಗೆದರು. ಮೊದಮೊದಲು ಬಿಗಿಯಾಗಿದ್ದ ಬೆರಳುಗಳು ದಿನದಿನಕ್ಕೆ ಸಡಿಲಾಗಿ, ಒಂದು ಬೆಳಗ್ಗೆ ಇಪ್ಪತ್ತು ಮಕ್ಕಳ ಯಜಮಾನರ ಸಂಗೀತ ಎರಡೂ ಕೈಯಿಂದ ನಮ್ಮ ಅಡುಗೆಮನೆಯ ಗೋಡೆ ದಾಟಿ ಬಂತು. ಒಗ್ಗರಣೆ ಸೌಟು ಕೈಯಲ್ಲೇ ಹಿಡಿದು ಅತ್ತೆ, "ಚೊಲೊ ಆತು ನೋಡವಾ" ಎಂದರು. ನನಗೂ ಚೊಲೊ ಅನಿಸಿತು. ಅದರ ಜೊತೆ ಸಣ್ಣದೊಂದು ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಬೇರೆಯವರ ಗುಣವಾದ ಕೈಯ ಮೇಲೆ ಹೊಟ್ಟೆಕಿಚ್ಚುಪಡುವವರು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಮುಂದಿನ ತಾಲೀಮಿಗೆ ನಾನು ಬರೀ ಕೇಳುವವಳಾಗಿ ಹೋದೆ. ಹಿಂದಿನ ಸಾಲಿನಲ್ಲಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತೆ. ಕಾಯರಿನವರು ಸಾಲಾಗಿ ನಿಂತರು. ಅಕ್ಕೋರು ಒಳಗೆ ಬಂದರು, ಎರಡೂ ಕೈ ಬೀಸಿಕೊಂಡು, ಸೆಟೆದು ನಡೆಯುತ್ತ. ಬೆಂಚಿನ ಮೇಲೆ ಕೂತರು. ಯಜಮಾನರು ಕೋಲು ಎತ್ತಿದರು. ಅಕ್ಕೋರು ನುಡಿಸಲಿಲ್ಲ. ಅವರು ಬೆಂಚಿನ ಎಡತುದಿಗೆ ಕೂತಿದ್ದರು. ಗುಣವಾದ ಬಲಗೈಯನ್ನು ಪ್ಲಾಸ್ಟರ್ ಇದ್ದಾಗ ಇಡುತ್ತಿದ್ದಂತೆಯೇ ಮಡಿಲಲ್ಲಿ ಇಟ್ಟುಕೊಂಡಿದ್ದರು. ಬೆಂಚಿನ ಬಲಬದಿ ಖಾಲಿ ಇತ್ತು.

ಯಜಮಾನರು ಕೋಲು ಹಿಡಿದೇ ಕಾದರು. ಅಕ್ಕೋರು ಕತ್ತು ಹೊರಳಿಸಿ ಹಿಂದಿನ ಸಾಲಿನವರೆಗೆ ಹುಡುಕಿ ನನ್ನನ್ನು ಕಂಡರು.

"ಅಲ್ಲಿ ಏನು ಮಾಡುತ್ತಿದ್ದೀಯಾ? ಗಾಳಿ ಇಲ್ಲದೆ ನಾನು ಹೇಗೆ ನುಡಿಸಲಿ?" ಎಂದರು.

ನಾನು ಹೋಗಿ ಕೂತೆ. ಎಡಗೈ ನನ್ನನ್ನು ಕೇಳದೆಯೇ ತನ್ನ ಜಾಗಕ್ಕೆ ಹೋಯಿತು.